ಚಿತ್ರ ಹುಡುಕಾಟದ ಮೂಲಕ ಉತ್ಪನ್ನಗಳ ಹೋಲಿಕೆ

ಚಿತ್ರ ಹುಡುಕಾಟದ ಮೂಲಕ ಉತ್ಪನ್ನಗಳ ಹೋಲಿಕೆ ಎಂಬುದು ಅಂತರಜಾಲದಲ್ಲಿ ಸಾಮಗ್ರಿಗಳನ್ನು ಕೊಳ್ಳುವಾಗ ಪದಗಳ ಬದಲಿಗೆ ಛಾಯಾಚಿತ್ರವೊಂದನ್ನು ನೀಡಿ, ಅದನ್ನು ಹೋಲುವ ವಸ್ತುಗಳನ್ನು ಹುಡುಕಿ, ಅವುಗಳ ಬೆಲೆ, ಪ್ರಮಾಣ, ಗುಣ ಮತ್ತು ಮಾರಾಟಗಾರರ ವಿವರಗಳನ್ನು ತಾಳೆ ನೋಡುವ ವಿಧಾನ. ಮೊಬೈಲ್ ಕ್ಯಾಮೆರಾದಿಂದ ತೆಗೆದ ಚಿತ್ರ, ಪರದೆಯ ಚಿತ್ರ (ಸ್ಕ್ರೀನ್‌ಶಾಟ್) ಅಥವಾ ಜಾಲತಾಣದಲ್ಲಿ ದೊರೆತ ಚಿತ್ರ, ಇವುಗಳಲ್ಲಿ ಯಾವುದನ್ನಾದರೂ ಇದಕ್ಕೆ ಬಳಸಬಹುದು. ಗೂಗಲ್ ಲೆನ್ಸ್‌ನಂತಹ ಸಾಮಾನ್ಯ ಸಾಧನಗಳಲ್ಲಿಯೂ ಫ್ಲಿಪ್‌ಕಾರ್ಟ್, ಅಮೆಜಾನ್, ಮಿಂತ್ರಾ, ಮೀಶೋ ಮುಂತಾದ ಮಾರಾಟ ತಾಣಗಳ ಆ್ಯಪ್‌ಗಳಲ್ಲಿಯೂ ಈ ಸೌಲಭ್ಯವಿದೆ.

ವಸ್ತುವಿನ ಹೆಸರು ತಿಳಿಯದಿದ್ದಾಗಲೂ ಅದನ್ನು ಹುಡುಕಲು ಸಾಧ್ಯವಾಗುವುದು ಈ ವಿಧಾನದ ಮುಖ್ಯ ಪ್ರಯೋಜನ. ಆದರೆ ಚಿತ್ರವು ವಸ್ತುವಿನ ಹೊರರೂಪವನ್ನು ಮಾತ್ರ ಹೋಲಿಸುತ್ತದೆ. ತೂಕ, ದರ್ಜೆ, ಬಾಳಿಕೆ ಮತ್ತು ಮೂಲಸ್ಥಳಗಳನ್ನು ಅದು ಹೇಳಲಾರದು. ಆದ್ದರಿಂದ ಚಿತ್ರ ಹುಡುಕಾಟವನ್ನು ಹೋಲಿಕೆಯ ಮೊದಲ ಹಂತವೆಂದು ಪರಿಗಣಿಸಲಾಗುತ್ತದೆ.

## ಇತಿಹಾಸ

ಚಿತ್ರದ ಬಣ್ಣ, ಆಕಾರ ಮತ್ತು ಮೇಲ್ಮೈಯ ವಿನ್ಯಾಸವನ್ನು ಆಧರಿಸಿ ಚಿತ್ರಗಳನ್ನು ಹುಡುಕುವ ಸಂಶೋಧನೆ 1990ರ ದಶಕದಲ್ಲಿ ಬೆಳೆಯಿತು. ಐಬಿಎಂ ಸಂಸ್ಥೆಯು ಆ ದಶಕದಲ್ಲಿ ರೂಪಿಸಿದ ಕ್ಯೂಬಿಕ್ ಎಂಬ ವ್ಯವಸ್ಥೆಯು ಈ ಬಗೆಯ ಆರಂಭಿಕ ಪ್ರಯತ್ನಗಳಲ್ಲಿ ಪ್ರಸಿದ್ಧವಾದುದು. 2001ರಲ್ಲಿ ಗೂಗಲ್ ಸಂಸ್ಥೆಯು ತನ್ನ ಚಿತ್ರ ಶೋಧ ಸೇವೆಯನ್ನು ಆರಂಭಿಸಿತು. ಆದರೆ ಅದರಲ್ಲಿ ಬಳಕೆದಾರರು ಪದಗಳನ್ನೇ ಬರೆಯಬೇಕಿತ್ತು. ಚಿತ್ರದ ಸುತ್ತ ಇರುವ ಬರಹವನ್ನು ನೋಡಿ ಚಿತ್ರವನ್ನು ಹುಡುಕಿಕೊಡುವುದು ಅದರ ಕ್ರಮವಾಗಿತ್ತು.

ಚಿತ್ರವನ್ನೇ ಕೊಟ್ಟು ಹುಡುಕುವ ವಿಧಾನವನ್ನು ಹಿಮ್ಮುಖ ಚಿತ್ರ ಹುಡುಕಾಟ ಎನ್ನುತ್ತಾರೆ. ಕೆನಡಾದ ಟೊರಾಂಟೊ ನಗರದ ಸಂಸ್ಥೆಯೊಂದು 2008ರಲ್ಲಿ ಟಿನ್‌ಐ ಎಂಬ ಇಂತಹ ಸೇವೆಯನ್ನು ಆರಂಭಿಸಿತು. 2011ರಲ್ಲಿ ಗೂಗಲ್ ಕೂಡ ಈ ಸೌಲಭ್ಯವನ್ನು ಒದಗಿಸಿತು. 2012ರಲ್ಲಿ ಅಲೆಕ್ಸ್‌ನೆಟ್ ಎಂಬ ನರಜಾಲ ಮಾದರಿಯು ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಹಿಂದಿನ ವಿಧಾನಗಳನ್ನು ಬಹಳ ಅಂತರದಿಂದ ಮೀರಿಸಿತು. ಅಲ್ಲಿಂದ ಮುಂದೆ ಚಿತ್ರದೊಳಗಿನ ವಸ್ತುವನ್ನು ಗುರುತಿಸುವ ತಂತ್ರಜ್ಞಾನವು ವೇಗವಾಗಿ ಬೆಳೆಯಿತು. ಗೂಗಲ್ ಲೆನ್ಸ್ 2017ರಲ್ಲಿ ಬಳಕೆಗೆ ಬಂದಿತು.

### ಕರ್ನಾಟಕದಲ್ಲಿ

ಭಾರತದಲ್ಲಿ ಈ ವಿಧಾನವನ್ನು ಮಾರಾಟ ಕ್ಷೇತ್ರಕ್ಕೆ ತಂದವರಲ್ಲಿ ಬೆಂಗಳೂರಿನ ಸಂಸ್ಥೆಗಳು ಮುಂಚೂಣಿಯಲ್ಲಿವೆ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್, 2015ರಲ್ಲಿ ತನ್ನ ಮೊಬೈಲ್ ಆ್ಯಪ್‌ನಲ್ಲಿ ಚಿತ್ರ ಹುಡುಕಾಟವನ್ನು ಅಳವಡಿಸಿತು. ಅದರ ಸಂಶೋಧಕರು ಉಡುಪು ಮುಂತಾದ ವಸ್ತುಗಳಲ್ಲಿ ಪರಸ್ಪರ ಹೋಲುವವುಗಳನ್ನು ಗುರುತಿಸುವ ವಿಸ್‌ನೆಟ್ ಎಂಬ ಮಾದರಿಯನ್ನು ಕುರಿತು 2017ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಉಡುಪುಗಳ ಮಾರಾಟಕ್ಕೆ ಹೆಸರಾದ ಮಿಂತ್ರಾ ಮತ್ತು ಸಣ್ಣ ಮಾರಾಟಗಾರರನ್ನು ಹೆಚ್ಚಾಗಿ ಒಳಗೊಂಡ ಮೀಶೋ ಕೂಡ ಬೆಂಗಳೂರಿನಲ್ಲಿಯೇ ಸ್ಥಾಪನೆಗೊಂಡ ಸಂಸ್ಥೆಗಳು.

## ಕಾರ್ಯವಿಧಾನ

ಬಳಕೆದಾರರು ನೀಡಿದ ಚಿತ್ರದಲ್ಲಿ ಮುಖ್ಯ ವಸ್ತು ಯಾವುದೆಂದು ಗಣಕವು ಮೊದಲು ಗುರುತಿಸುತ್ತದೆ. ಬಳಿಕ ಆ ಭಾಗದ ಆಕಾರ, ಬಣ್ಣ, ಮೇಲ್ಮೈ ಮತ್ತು ವಿನ್ಯಾಸಗಳನ್ನು ಸಂಖ್ಯೆಗಳ ಒಂದು ಉದ್ದನೆಯ ಸಾಲಾಗಿ ಪರಿವರ್ತಿಸುತ್ತದೆ. ಮಾರಾಟ ತಾಣದಲ್ಲಿರುವ ಪ್ರತಿಯೊಂದು ವಸ್ತುವಿನ ಚಿತ್ರಕ್ಕೂ ಇಂತಹ ಸಂಖ್ಯಾಸಾಲು ಮೊದಲೇ ಸಿದ್ಧವಾಗಿರುತ್ತದೆ. ಎರಡು ಸಾಲುಗಳ ನಡುವಿನ ವ್ಯತ್ಯಾಸ ಕಡಿಮೆಯಿದ್ದಷ್ಟೂ ಆ ವಸ್ತುಗಳು ಹೆಚ್ಚು ಹೋಲುತ್ತವೆ ಎಂದು ಲೆಕ್ಕ ಹಾಕಿ, ಹತ್ತಿರದವುಗಳನ್ನು ಮೊದಲು ತೋರಿಸಲಾಗುತ್ತದೆ. ಚಿತ್ರದಲ್ಲಿ ಅಕ್ಷರಗಳಿದ್ದರೆ ಕೆಲವು ಸಾಧನಗಳು ಅವನ್ನೂ ಓದಿ ಹುಡುಕಾಟಕ್ಕೆ ಸೇರಿಸಿಕೊಳ್ಳುತ್ತವೆ.

ಫಲಿತಾಂಶಗಳ ಕ್ರಮವು ಹೋಲಿಕೆಯೊಂದನ್ನೇ ಅವಲಂಬಿಸಿರುವುದಿಲ್ಲ. ದಾಸ್ತಾನು, ಮಾರಾಟದ ಪ್ರಮಾಣ ಮತ್ತು ಜಾಹೀರಾತುಗಳೂ ಅದರ ಮೇಲೆ ಪ್ರಭಾವ ಬೀರಬಹುದು. ಮೊದಲು ಕಾಣಿಸಿದ ವಸ್ತುವೇ ಉತ್ತಮವಾದುದು ಎಂದು ಭಾವಿಸಲು ಆಧಾರವಿಲ್ಲ.

## ಸಾಮ್ಯದ ಮೂರು ಬಗೆಗಳು

ಚಿತ್ರ ಹುಡುಕಾಟದ ಫಲಿತಾಂಶಗಳಲ್ಲಿ ಮೂರು ಬಗೆಯ ಸಾಮ್ಯಗಳು ಬೆರೆತಿರುತ್ತವೆ. ಇವುಗಳನ್ನು ಬೇರ್ಪಡಿಸಿ ನೋಡುವುದು ಸರಿಯಾದ ಹೋಲಿಕೆಗೆ ಅವಶ್ಯಕ.

* ಒಂದೇ ಚಿತ್ರ: ಬೇರೆ ಬೇರೆ ಮಾರಾಟಗಾರರು ಒಂದೇ ಛಾಯಾಚಿತ್ರವನ್ನು ಬಳಸಿರುತ್ತಾರೆ. ತಯಾರಕರು ಕೊಟ್ಟ ಚಿತ್ರವನ್ನು ಎಲ್ಲರೂ ಹಾಕಿಕೊಂಡಿರಬಹುದು, ಅಥವಾ ಒಬ್ಬರ ಚಿತ್ರವನ್ನು ಮತ್ತೊಬ್ಬರು ಅನುಮತಿಯಿಲ್ಲದೆ ತೆಗೆದುಕೊಂಡಿರಬಹುದು. ಚಿತ್ರ ಒಂದೇ ಆದ ಮಾತ್ರಕ್ಕೆ ಮನೆಗೆ ಬರುವ ವಸ್ತು ಒಂದೇ ಆಗಿರಬೇಕೆಂದಿಲ್ಲ.
* ಒಂದೇ ವಸ್ತು: ಚಿತ್ರಗಳು ಬೇರೆಯಾಗಿದ್ದರೂ ತಯಾರಕರ ಹೆಸರು, ಮಾದರಿ ಸಂಖ್ಯೆ ಮತ್ತು ಪ್ರಮಾಣ ಒಂದೇ ಆಗಿರುತ್ತವೆ. ಬೆಲೆಯನ್ನು ನೇರವಾಗಿ ಹೋಲಿಸಬಹುದಾದ ಸಂದರ್ಭ ಇದೊಂದೇ.
* ಅಂತಹುದೇ ವಸ್ತು: ರೂಪ ಒಂದೇ ಬಗೆಯಾಗಿದ್ದು, ತಯಾರಕರು, ಬಳಸಿದ ಕಚ್ಚಾವಸ್ತು ಮತ್ತು ಗುಣಮಟ್ಟ ಬೇರೆಯಾಗಿರುತ್ತವೆ. ಇಲ್ಲಿ ಬೆಲೆಯ ಜೊತೆಗೆ ಇತರ ವಿವರಗಳನ್ನೂ ತೂಗಿ ನೋಡಬೇಕಾಗುತ್ತದೆ.

ಟಿನ್‌ಐ ಮಾದರಿಯ ಸಾಧನಗಳು ಮುಖ್ಯವಾಗಿ ಮೊದಲನೆಯ ಬಗೆಯನ್ನು, ಅಂದರೆ ಚಿತ್ರದ ನಕಲುಗಳನ್ನು ಹುಡುಕುತ್ತವೆ. ಮಾರಾಟ ತಾಣಗಳ ಕ್ಯಾಮೆರಾ ಹುಡುಕಾಟವು ಹೆಚ್ಚಾಗಿ ಮೂರನೆಯ ಬಗೆಯನ್ನು ನೀಡುತ್ತದೆ. ಎರಡನೆಯ ಬಗೆಯನ್ನು ಖಚಿತಪಡಿಸಿಕೊಳ್ಳಲು ಕೊಳ್ಳುವವರು ವಿವರಗಳನ್ನು ಸ್ವತಃ ಓದಲೇಬೇಕು.

## ಹೆಸರು ಮತ್ತು ಭಾಷೆ

ಮಾರಾಟ ತಾಣಗಳ ಪಟ್ಟಿಗಳು ಬಹುಮಟ್ಟಿಗೆ ಇಂಗ್ಲಿಷ್ ಹೆಸರುಗಳನ್ನು ಆಧರಿಸಿವೆ. ತುರಿಮಣೆ, ಈಳಿಗೆಮಣೆ, ಒರಳು, ಶಾವಿಗೆ ಒರಳು, ಮೊರ ಮುಂತಾದ ವಸ್ತುಗಳನ್ನು ದಿನವೂ ಬಳಸುವವರಿಗೆ ಅವುಗಳ ಇಂಗ್ಲಿಷ್ ಹೆಸರು ತಿಳಿದಿರುವುದಿಲ್ಲ. ಒಂದೇ ವಸ್ತುವಿಗೆ ಊರಿನಿಂದ ಊರಿಗೆ ಹೆಸರು ಬದಲಾಗುವುದೂ ಉಂಟು. ಅಡುಗೆಮನೆಯ ತುರಿಮಣೆಯ ಚಿತ್ರವನ್ನು ತೆಗೆದು ಹುಡುಕಿದರೆ ಈ ತೊಡಕು ನಿವಾರಣೆಯಾಗುತ್ತದೆ. ಯಂತ್ರದ ಬಿಡಿಭಾಗ, ನಲ್ಲಿಯ ಜೋಡಣೆ, ಪಂಪ್‌ಸೆಟ್‌ನ ಚಿಕ್ಕ ಭಾಗ ಮುಂತಾದವುಗಳಿಗೂ ಇದು ಅನ್ವಯಿಸುತ್ತದೆ.

ಹೆಸರಿನ ತೊಡಕು ನಿವಾರಣೆಯಾದರೂ ವಿವರಗಳನ್ನು ಓದುವ ಅಗತ್ಯ ಉಳಿಯುತ್ತದೆ. ಚಿತ್ರದಿಂದ ವಸ್ತು ದೊರೆತ ಮೇಲೆ ಅಳತೆ, ಲೋಹ, ಖಾತರಿ ಅವಧಿ ಮತ್ತು ಹಿಂದಿರುಗಿಸುವ ನಿಯಮಗಳನ್ನು ಓದಿಕೊಳ್ಳಬೇಕು. ಗೂಗಲ್ ಲೆನ್ಸ್‌ನ ಅನುವಾದ ಸೌಲಭ್ಯವನ್ನು ಬಳಸಿ ಪೊಟ್ಟಣದ ಮೇಲಿನ ಇಂಗ್ಲಿಷ್ ಬರಹವನ್ನು ಕನ್ನಡದಲ್ಲಿ ನೋಡಬಹುದು. ಆದರೆ ಅಂಕಿಗಳನ್ನೂ ಅಳತೆಯ ಮಾನಗಳನ್ನೂ ಮೂಲ ಬರಹದಲ್ಲಿಯೇ ಪರಿಶೀಲಿಸುವುದು ಒಳ್ಳೆಯದು.

## ಉದಾಹರಣೆ: ತೆಂಗಿನ ಸೀಮೆಯ ಉತ್ಪನ್ನಗಳು

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿಗೆ ಹೆಸರಾಗಿವೆ. ತಿಪಟೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ನೊಣವಿನಕೆರೆಯೂ ಇದೇ ಸೀಮೆಗೆ ಸೇರಿದೆ. ಇಲ್ಲಿನ ಕೊಬ್ಬರಿಗೆ ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯು ಪ್ರಮುಖ ವ್ಯಾಪಾರ ಸ್ಥಳ. ಈಗ ಕೊಬ್ಬರಿ, ಕೊಬ್ಬರಿ ಎಣ್ಣೆ, ಒಣ ತೆಂಗಿನ ತುರಿ, ನಾರಿನ ಸಾಮಗ್ರಿಗಳು ಮತ್ತು ತೋಟದ ಸಲಕರಣೆಗಳು ಅಂತರಜಾಲದಲ್ಲಿಯೂ ಮಾರಾಟವಾಗುತ್ತವೆ. ಚಿತ್ರ ಹುಡುಕಾಟದ ಉಪಯೋಗ ಮತ್ತು ಮಿತಿಗಳೆರಡನ್ನೂ ಇವುಗಳ ಮೂಲಕ ಸ್ಪಷ್ಟವಾಗಿ ಕಾಣಬಹುದು.

### ಕೊಬ್ಬರಿ

ಕೊಬ್ಬರಿಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಬಲಿತ ಕಾಯಿಗಳನ್ನು ಸಿಪ್ಪೆಸಹಿತವಾಗಿ ಅಟ್ಟದಲ್ಲಿ ಸುಮಾರು 8ರಿಂದ 12 ತಿಂಗಳು ಇರಿಸಿದಾಗ ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಬಳಿಕ ಸಿಪ್ಪೆ ಸುಲಿದು ಚಿಪ್ಪು ಒಡೆದು ತೆಗೆಯುವ ಇಡೀ ಗುಂಡು ಉಂಡೆ ಕೊಬ್ಬರಿ. ಕಾಯಿಯನ್ನು ಒಡೆದು, ಹೋಳುಗಳನ್ನು ಬಿಸಿಲಿನಲ್ಲಿ ಅಥವಾ ಒಣಗಿಸುವ ಯಂತ್ರದಲ್ಲಿ ಒಣಗಿಸಿ, ಎಣ್ಣೆ ತೆಗೆಯಲು ಬಳಸುವುದು ಎಣ್ಣೆ ಕೊಬ್ಬರಿ. ಕೇಂದ್ರ ಸರ್ಕಾರವು ಈ ಎರಡಕ್ಕೂ ಬೇರೆ ಬೇರೆ ಕನಿಷ್ಠ ಬೆಂಬಲ ಬೆಲೆಯನ್ನು ಘೋಷಿಸುತ್ತದೆ. 2025ರ ಹಂಗಾಮಿಗೆ ಕ್ವಿಂಟಲ್‌ಗೆ ಉಂಡೆ ಕೊಬ್ಬರಿಗೆ 12,100 ರೂಪಾಯಿ ಮತ್ತು ಎಣ್ಣೆ ಕೊಬ್ಬರಿಗೆ 11,582 ರೂಪಾಯಿ ನಿಗದಿಯಾಗಿತ್ತು.

ಉಂಡೆ ಕೊಬ್ಬರಿಯನ್ನು ಎರಡು ಹೋಳು ಮಾಡಿ ತೆಗೆದ ಚಿತ್ರ ಮತ್ತು ಹೋಳಾಗಿಯೇ ಒಣಗಿಸಿದ ಕೊಬ್ಬರಿಯ ಚಿತ್ರ, ಇವೆರಡರ ನಡುವೆ ಗಣಕವು ಕಾಣುವ ಅಂತರ ಅತ್ಯಲ್ಪ. ಎರಡನ್ನೂ ಅದು ಒಂದೇ ಸಾಲಿನಲ್ಲಿ ತೋರಿಸಬಹುದು. ಪಕ್ಕದಲ್ಲಿ ಅಳತೆಗೋಲು ಇಲ್ಲದ ಚಿತ್ರದಲ್ಲಿ ಸಣ್ಣ ಕೊಬ್ಬರಿಯೂ ದೊಡ್ಡದಾಗಿ ಕಾಣುತ್ತದೆ. ಬಿಳುಪು ಬೆಳಕಿನ ಮೇಲೆ ಅವಲಂಬಿತವಾಗಿದೆ. ತೇವಾಂಶ, ಕನರು ವಾಸನೆ ಮತ್ತು ಒಳಗಿನ ಬೂಷ್ಟು ಚಿತ್ರಕ್ಕೆ ಎಟುಕುವುದಿಲ್ಲ. ಮಾರುಕಟ್ಟೆಯಲ್ಲಿ ಕೊಬ್ಬರಿಯನ್ನು ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡುವವರಿಗೆ ತಿಳಿಯುವ ಸಂಗತಿಗಳು ಇವೇ.

"ತಿಪಟೂರು ಕೊಬ್ಬರಿ" ಎಂಬ ಶೀರ್ಷಿಕೆಯನ್ನು ಚಿತ್ರದಿಂದ ದೃಢಪಡಿಸಲಾಗದು. ಅದೇ ಚಿತ್ರವನ್ನು ಹಿಮ್ಮುಖವಾಗಿ ಹುಡುಕಿದಾಗ, ಅದು ಬೇರೆ ದೇಶದ ಅಥವಾ ಬೇರೆ ಮಾರಾಟಗಾರರ ಪುಟದಲ್ಲಿ ಮೊದಲೇ ಪ್ರಕಟವಾಗಿದ್ದರೆ, ಮಾರಾಟಗಾರರು ತಮ್ಮ ಸರಕಿನ ಚಿತ್ರವನ್ನು ಹಾಕಿಲ್ಲವೆಂದು ಸಂಶಯಪಡಬಹುದು. ಇದು ಕೊಳ್ಳುವವರ ಹಣದ ಪ್ರಶ್ನೆ ಮಾತ್ರವಲ್ಲ. ಊರಿನ ಹೆಸರಿನಲ್ಲಿ ಬೇರೆಡೆಯ ಕೀಳು ದರ್ಜೆಯ ಸರಕು ಮಾರಾಟವಾದರೆ ಆ ಸೀಮೆಯ ಬೆಳೆಗಾರರ ಸರಕಿನ ಮೇಲಿನ ವಿಶ್ವಾಸವೂ ಕುಂದುತ್ತದೆ. ನೇರವಾಗಿ ಮಾರುವ ಬೆಳೆಗಾರರು ತಮ್ಮ ಚಿತ್ರಗಳು ಬೇರೆಡೆ ಬಳಕೆಯಾಗುತ್ತಿವೆಯೇ ಎಂದು ತಿಳಿಯಲೂ ಇದೇ ವಿಧಾನವನ್ನು ಬಳಸಬಹುದು.

### ಕೊಬ್ಬರಿ ಎಣ್ಣೆ

ಒಣ ಕೊಬ್ಬರಿಯಿಂದ ತೆಗೆದ ಎಣ್ಣೆ, ಹಸಿ ತೆಂಗಿನಕಾಯಿಯ ತಿರುಳಿನಿಂದ ಅಥವಾ ಹಾಲಿನಿಂದ ತೆಗೆದ ಎಣ್ಣೆ ಮತ್ತು ಶುದ್ಧೀಕರಿಸಿದ ಎಣ್ಣೆ, ಇವು ಸೀಸೆಯ ಚಿತ್ರದಲ್ಲಿ ಬಹುಮಟ್ಟಿಗೆ ಒಂದೇ ಬಗೆಯಾಗಿ ಕಾಣುತ್ತವೆ. ಇಲ್ಲಿ ಮುಂಭಾಗದ ಚಿತ್ರಕ್ಕಿಂತ ಹಿಂಭಾಗದ ಪಟ್ಟಿಯ ಚಿತ್ರವೇ ಹೆಚ್ಚು ಉಪಯುಕ್ತ. ಎಣ್ಣೆಯ ಬಗೆ, ನಿವ್ವಳ ಪ್ರಮಾಣ, ತಯಾರಾದ ದಿನಾಂಕ, ತಯಾರಕರ ವಿಳಾಸ ಮತ್ತು ಭಾರತೀಯ ಆಹಾರ ಸುರಕ್ಷತೆ ಹಾಗೂ ಗುಣಮಟ್ಟ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ಅದರಲ್ಲಿ ನೋಡಬೇಕು. ಈ ಸಂಖ್ಯೆಯನ್ನು ಪ್ರಾಧಿಕಾರದ ಜಾಲತಾಣದಲ್ಲಿ ಪರಿಶೀಲಿಸಲು ಅವಕಾಶವಿದೆ.

### ಮರ ಹತ್ತುವ ಸಾಧನ

ತೆಂಗಿನ ಮರ ಹತ್ತುವ ಸಾಧನಗಳಲ್ಲಿ ನಿಂತು ಹತ್ತುವ ಮತ್ತು ಕುಳಿತು ಹತ್ತುವ ಮಾದರಿಗಳಿವೆ. ಕೇರಳದ ಚೆಂಬೇರಿ ಜೋಸೆಫ್ ಅವರ ಹೆಸರಿನಿಂದ ಪ್ರಸಿದ್ಧವಾದುದು ನಿಂತು ಹತ್ತುವ ಮಾದರಿ. ಅದನ್ನು ಅನುಸರಿಸಿ ಅನೇಕರು ಸಾಧನಗಳನ್ನು ತಯಾರಿಸುತ್ತಾರೆ. ಆದ್ದರಿಂದ ಒಂದರ ಚಿತ್ರವನ್ನು ಕೊಟ್ಟರೆ ಹಲವಾರು ಸಾಧನಗಳು ಬೇರೆ ಬೇರೆ ಬೆಲೆಯಲ್ಲಿ ಕಾಣಿಸಿಕೊಳ್ಳುತ್ತವೆ. ತಂತಿಹಗ್ಗದ ದಪ್ಪ, ಬೆಸುಗೆಯ ಗಟ್ಟಿತನ, ತಡೆಯುವ ಭಾರ ಮತ್ತು ಸುರಕ್ಷಾ ಪಟ್ಟಿ ಜೊತೆಗೆ ಬರುತ್ತದೆಯೇ ಎಂಬುದು ಚಿತ್ರದಿಂದ ನಿರ್ಧಾರವಾಗುವುದಿಲ್ಲ. ಎತ್ತರದ ಮರಗಳನ್ನು ಹತ್ತುವವರ ಪ್ರಾಣವು ಈ ವಿವರಗಳನ್ನೇ ಅವಲಂಬಿಸಿದೆ. ಇಂತಹ ಸಾಧನಗಳ ವಿಷಯದಲ್ಲಿ ಕಡಿಮೆ ಬೆಲೆಯನ್ನು ಮೊದಲ ಮಾನದಂಡವಾಗಿ ಇಟ್ಟುಕೊಳ್ಳಬಾರದು. ತೆಂಗು ಅಭಿವೃದ್ಧಿ ಮಂಡಳಿ, ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಅಥವಾ ಸ್ಥಳೀಯ ಕೃಷಿ ವಿಜ್ಞಾನ ಕೇಂದ್ರಗಳ ಸಲಹೆ ಪಡೆದು ಕೊಳ್ಳುವುದು ಸೂಕ್ತ.

## ಹೋಲಿಕೆಯ ಕ್ರಮ

1. ವಸ್ತುವನ್ನು ಸರಳ ಹಿನ್ನೆಲೆಯ ಮುಂದೆ, ಹಗಲು ಬೆಳಕಿನಲ್ಲಿ ಇರಿಸಿ ಚಿತ್ರ ತೆಗೆಯಬೇಕು. ಇತರ ವಸ್ತುಗಳು ಸೇರಿದ್ದರೆ ಬೇಕಾದ ಭಾಗವನ್ನು ಮಾತ್ರ ಕತ್ತರಿಸಿಕೊಳ್ಳಬೇಕು.
2. ಮುಂಭಾಗದ ಚಿತ್ರದ ಜೊತೆಗೆ ಮಾದರಿ ಸಂಖ್ಯೆ ಅಥವಾ ಪಟ್ಟಿಯ ಚಿತ್ರದಿಂದಲೂ ಹುಡುಕಬೇಕು.
3. ಕನಿಷ್ಠ ಎರಡು ಬೇರೆ ಸಾಧನಗಳಲ್ಲಿ ಹುಡುಕಬೇಕು. ಒಂದು ಮಾರಾಟ ತಾಣದ ಆ್ಯಪ್ ತನ್ನಲ್ಲಿರುವ ವಸ್ತುಗಳನ್ನು ಮಾತ್ರ ತೋರಿಸುತ್ತದೆ.
4. ಫಲಿತಾಂಶಗಳನ್ನು ಒಂದೇ ಚಿತ್ರ, ಒಂದೇ ವಸ್ತು, ಅಂತಹುದೇ ವಸ್ತು ಎಂದು ವಿಂಗಡಿಸಬೇಕು.
5. ಸಾಗಣೆ ವೆಚ್ಚವನ್ನು ಸೇರಿಸಿ, ಪ್ರತಿ ಕಿಲೋ, ಲೀಟರ್ ಅಥವಾ ಒಂದು ಘಟಕದ ಬೆಲೆಯನ್ನು ಲೆಕ್ಕ ಹಾಕಬೇಕು.
6. ಕೊಂಡವರು ಹಾಕಿದ ಚಿತ್ರಗಳನ್ನು ಮಾರಾಟಗಾರರ ಚಿತ್ರದೊಂದಿಗೆ ತಾಳೆ ನೋಡಬೇಕು.
7. ಮಾರಾಟಗಾರರ ಹೆಸರು, ವಿಳಾಸ ಮತ್ತು ಹಿಂದಿರುಗಿಸುವ ಅವಧಿಯನ್ನು ಓದಬೇಕು.

ಐದನೆಯ ಹಂತದ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದೇ ಚಿತ್ರವಿರುವ ಎರಡು ಪೊಟ್ಟಣಗಳಲ್ಲಿ ಮೊದಲನೆಯದು 250 ಗ್ರಾಂ, ಬೆಲೆ 110 ರೂಪಾಯಿ, ಸಾಗಣೆ ಉಚಿತ; ಎರಡನೆಯದು 500 ಗ್ರಾಂ, ಬೆಲೆ 210 ರೂಪಾಯಿ, ಸಾಗಣೆಗೆ 40 ರೂಪಾಯಿ ಎಂದು ಭಾವಿಸೋಣ. ಸಾಗಣೆಯನ್ನು ಬಿಟ್ಟು ನೋಡಿದರೆ ಕಿಲೋಗೆ ಮೊದಲನೆಯದು 440 ರೂಪಾಯಿ, ಎರಡನೆಯದು 420 ರೂಪಾಯಿ. ಎರಡನೆಯದೇ ಅಗ್ಗವೆಂದು ತೋರುತ್ತದೆ. ಸಾಗಣೆಯನ್ನು ಸೇರಿಸಿದಾಗ ಮೊದಲನೆಯದು 440 ರೂಪಾಯಿಯಲ್ಲಿಯೇ ಉಳಿದು, ಎರಡನೆಯದು 500 ರೂಪಾಯಿ ಆಗುತ್ತದೆ. ಚಿತ್ರವಾಗಲಿ ಮೇಲೆ ಬರೆದ ಬೆಲೆಯಾಗಲಿ ಇದನ್ನು ತಿಳಿಸುವುದಿಲ್ಲ.

## ಮಿತಿಗಳು ಮತ್ತು ಅಪಾಯಗಳು

ಕೈಮಗ್ಗದ ಇಳಕಲ್ ಸೀರೆ ಮತ್ತು ಅದೇ ವಿನ್ಯಾಸದ ವಿದ್ಯುತ್ ಮಗ್ಗದ ಸೀರೆ, ಅರಗಿನ ಬಣ್ಣದ ಚನ್ನಪಟ್ಟಣದ ಮರದ ಗೊಂಬೆ ಮತ್ತು ಅದರ ಅನುಕರಣೆ, ಇವು ಚಿತ್ರದಲ್ಲಿ ಒಂದೇ ಆಗಿ ಕಾಣಬಹುದು. ಭೌಗೋಳಿಕ ಸೂಚಕ ಪಡೆದ ಇಂತಹ ವಸ್ತುಗಳ ನೈಜತೆಯನ್ನು ಕೈಮಗ್ಗದ ಗುರುತು, ಅಧಿಕೃತ ಮಾರಾಟಗಾರರ ವಿವರ ಮುಂತಾದವುಗಳಿಂದ ಪರಿಶೀಲಿಸಬೇಕು. ಐಎಸ್‌ಐ ಗುರುತಿನ ಪರವಾನಗಿ ಸಂಖ್ಯೆಯನ್ನೂ ಚಿನ್ನಾಭರಣದ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತನ್ನೂ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ನಕಲಿ ಮಾರಾಟ ತಾಣಗಳು ಹೆಸರಾಂತ ತಾಣಗಳ ಚಿತ್ರಗಳನ್ನು ಕದ್ದು, ಅತಿ ಕಡಿಮೆ ಬೆಲೆ ತೋರಿಸಿ ಹಣ ಪಡೆದು ಮಾಯವಾಗುವುದುಂಟು. ಹಿಮ್ಮುಖ ಹುಡುಕಾಟದಿಂದ ಚಿತ್ರದ ಮೂಲವನ್ನು ಪತ್ತೆಹಚ್ಚಿ ಇಂತಹ ತಾಣಗಳನ್ನು ಗುರುತಿಸಬಹುದು. ಆದರೆ ಕೃತಕ ಬುದ್ಧಿಮತ್ತೆಯಿಂದ ಹೊಸದಾಗಿ ಸೃಷ್ಟಿಸಿದ ಚಿತ್ರಗಳಿಗೆ ಹಳೆಯ ಮೂಲ ಇರುವುದಿಲ್ಲವಾದ್ದರಿಂದ ಅವು ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತವೆ.

ಹುಡುಕಲು ನೀಡುವ ಚಿತ್ರವು ಸೇವೆ ನೀಡುವ ಸಂಸ್ಥೆಯ ಗಣಕಗಳಿಗೆ ತಲುಪುತ್ತದೆ. ಚಿತ್ರದಲ್ಲಿ ಮನೆಯವರ ಮುಖ, ಗುರುತಿನ ಚೀಟಿ, ವಿಳಾಸ ಬರೆದ ಲಕೋಟೆ ಮುಂತಾದವು ಇರದಂತೆ ನೋಡಿಕೊಳ್ಳಬೇಕು. ಮೊಬೈಲ್‌ನಲ್ಲಿ ತೆಗೆದ ಚಿತ್ರದೊಂದಿಗೆ ಸ್ಥಳದ ಮಾಹಿತಿಯೂ ಸೇರಿರಬಹುದು. ಭಾರತದಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ರೂಪಿಸಲಾಗಿದೆ.

## ಕಾನೂನಿನ ರಕ್ಷಣೆ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಜುಲೈ ತಿಂಗಳಲ್ಲಿ ಇ-ವಾಣಿಜ್ಯ ನಿಯಮಗಳು ಜಾರಿಗೆ ಬಂದವು. ಚಿತ್ರದ ಮೂಲಕ ಕೊಳ್ಳುವವರಿಗೆ ಇವುಗಳಲ್ಲಿ ಕೆಲವು ಅಂಶಗಳು ಮುಖ್ಯವಾದವು.

* ವಸ್ತುವಿನ ವಿವರಣೆ ಮತ್ತು ಚಿತ್ರಗಳು ಅದರ ರೂಪ, ಸ್ವಭಾವ, ಗುಣಮಟ್ಟ ಮತ್ತು ಉದ್ದೇಶಕ್ಕೆ ನೇರವಾಗಿ ಹೊಂದಿಕೆಯಾಗಿವೆ ಎಂಬ ಮುಚ್ಚಳಿಕೆಯನ್ನು ಮಾರಾಟ ತಾಣಗಳು ಮಾರಾಟಗಾರರಿಂದ ಪಡೆಯಬೇಕು.
* ಫಲಿತಾಂಶಗಳ ಕ್ರಮವನ್ನು ನಿರ್ಧರಿಸುವ ಮುಖ್ಯ ಅಂಶಗಳನ್ನು ಮಾರಾಟ ತಾಣಗಳು ಸರಳ ಭಾಷೆಯಲ್ಲಿ ತಿಳಿಸಬೇಕು.
* ದೋಷಪೂರಿತ, ನಕಲಿ ಅಥವಾ ಜಾಹೀರಾತಿಗೆ ಹೊಂದದ ವಸ್ತುವನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ.
* ಕುಂದುಕೊರತೆ ಅಧಿಕಾರಿಯು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿರುವುದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಪೊಟ್ಟಣದ ಸಾಮಗ್ರಿಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನ ನಿಯಮಗಳು ತಿದ್ದುಪಡಿಯಾಗಿ, 2018ರ ಜನವರಿಯಿಂದ ಮಾರಾಟ ತಾಣಗಳೂ ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿವರ ಮುಂತಾದವನ್ನು ಪ್ರದರ್ಶಿಸಬೇಕಾಗಿದೆ.

ಬಂದ ವಸ್ತುವು ಚಿತ್ರಕ್ಕೆ ಹೊಂದದಿದ್ದಲ್ಲಿ, ಕೊಂಡ ದಿನದ ಪುಟದ ಪರದೆಯ ಚಿತ್ರ, ರಸೀದಿ ಮತ್ತು ಪೊಟ್ಟಣ ತೆರೆಯುವಾಗ ತೆಗೆದ ಚಿತ್ರಗಳು ಪುರಾವೆಯಾಗಿ ನೆರವಾಗುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆನ್‌ಲೈನ್ ಹಣ ವಂಚನೆಗೆ ಸಂಬಂಧಿಸಿದ ಸಹಾಯವಾಣಿ 1930. ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಲು 2019ರ ಕಾಯ್ದೆಯು ಅವಕಾಶ ನೀಡಿದೆ. ಇದರಂತೆ ನೊಣವಿನಕೆರೆಯ ನಿವಾಸಿಯೊಬ್ಬರು ದೂರದ ರಾಜ್ಯದ ಮಾರಾಟಗಾರರ ವಿರುದ್ಧ ತುಮಕೂರು ಜಿಲ್ಲಾ ಆಯೋಗಕ್ಕೆ ದೂರು ನೀಡಬಹುದು.

## ಇವನ್ನೂ ನೋಡಿ

* ಇ-ವಾಣಿಜ್ಯ
* ಗೂಗಲ್ ಲೆನ್ಸ್
* ಫ್ಲಿಪ್‌ಕಾರ್ಟ್
* ಗ್ರಾಹಕ ಸಂರಕ್ಷಣಾ ಕಾಯ್ದೆ
* ಕೊಬ್ಬರಿ
* ತಿಪಟೂರು